ಕಿವಿ ಮೇಸ್ತ್ರಿ ಮತ್ತು ಮೂರನೇ ನಾಜಲ್

ಸುತ್ತಮುತ್ತಲಿನ ಡೀಸೆಲ್ ಇಂಜಿನ್‌ಗಳಿಗೆಲ್ಲ ಅವನೇ ಗತಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿ ನಿಂತನೆಂದರೆ, ರೋಗ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದ. ಅದಕ್ಕೇ ಎಲ್ಲರ ಬಾಯಲ್ಲಿ ಅವನು ಕಿವಿ ಮೇಸ್ತ್ರಿ. ಹೆಂಡತಿಗೆ ಮಾತ್ರ ಬರೀ "ರೀ".

ಮನೆ ಅವನ ಶೆಡ್ಡಿನ ಬೆನ್ನಿಗೇ ಇತ್ತು. ನಡುವೆ ಒಂದೇ ಗೋಡೆ. ಈ ಕಡೆ ಇಂಜಿನ್ ಗುಡುಗಿದರೆ ಆ ಕಡೆ ಅಡುಗೆಮನೆಯ ಡಬ್ಬಿಗಳು ತಾಳ ಹಾಕುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಹೆಂಡತಿಯದು ಒಂದೇ ರಾಗ: "ತಲೆ ಚಿಟ್ಟು ಹಿಡಿಯುತ್ತೆ ರೀ, ಸ್ವಲ್ಪ ನಿಲ್ಸಿ."

ಈಚೆಗೆ ಮೇಸ್ತ್ರಿಗೆ ತನ್ನ ಕೈಗುಣದ ಬಗ್ಗೆ ಹೆಮ್ಮೆ ಏರತೊಡಗಿತ್ತು. ಅವನು ಬಿಚ್ಚಿ ಜೋಡಿಸಿದ ಇಂಜಿನ್‌ಗಳೆಲ್ಲ ಎಷ್ಟು ಮೆತ್ತಗೆ ಓಡುತ್ತಿದ್ದವು! ಪಕ್ಕದಲ್ಲೇ ಮಗುವನ್ನು ಮಲಗಿಸಬಹುದು ಎಂದು ಬೀಗುತ್ತಿದ್ದ. ಗೋಡೆಯಾಚೆಯಿಂದ ಹೆಂಡತಿ ಏನೋ ಕೂಗುತ್ತಿದ್ದಳು, ಅದೂ ಮೆತ್ತಗೇ ಕೇಳಿಸುತ್ತಿತ್ತು. ಇವಳೂ ಸಾಧುವಾದಳಲ್ಲ ಎಂದುಕೊಂಡು ನಕ್ಕು ತಲೆಯಾಡಿಸುತ್ತಿದ್ದ. ಪಾಪ, ಮೆತ್ತಗಾದದ್ದು ಇಂಜಿನ್ನೂ ಅಲ್ಲ, ಹೆಂಡತಿಯೂ ಅಲ್ಲ.

ಗುಟ್ಟು ನಡುಹೊಳೆಯಲ್ಲಿ ಬಯಲಾಯಿತು. ಅವನ ತಂಗಿ ಜನರನ್ನು ಹೊಳೆ ದಾಟಿಸುವ ಇಂಜಿನ್ ದೋಣಿ ನಡೆಸುತ್ತಿದ್ದಳು. ಅದರ ಇಂಜಿನ್ನನ್ನು ಶೆಡ್ಡಿಗೆ ತಂದು ಪೂರ್ತಿ ಬಿಚ್ಚಿ ಜೋಡಿಸಿಕೊಟ್ಟವನು ಅಣ್ಣನೇ. "ಕೇಳು, ಬೆಕ್ಕು ಗುರುಗುಟ್ಟಿದ ಹಾಗಿದೆ" ಎಂದಿದ್ದ. ತಂಗಿಯ ಕಿವಿಗೆ ಅದು ಕಲ್ಲು ಕುಟ್ಟಿದ ಹಾಗಿತ್ತು. ಆದರೆ ಕಿವಿ ಮೇಸ್ತ್ರಿಯ ಮುಂದೆ ಸದ್ದಿನ ವಿಷಯ ಎತ್ತುವವರು ಯಾರು? ಮರುದಿನ ಜನ ತುಂಬಿದ ದೋಣಿ ದಟ್ಟ ಹೊಗೆ ಉಗುಳಿ ನೀರಿನ ಮಧ್ಯೆ ನಿಂತುಬಿಟ್ಟಿತು. ಇನ್ನೊಂದು ದೋಣಿ ಹಗ್ಗ ಕಟ್ಟಿ ಎಳೆದು ತಂದಿತು. ಯಾರಿಗೂ ಏನೂ ಆಗಲಿಲ್ಲ. ದಡದಲ್ಲಿ ನಿಂತಿದ್ದ ಮೇಸ್ತ್ರಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

ಇಷ್ಟು ವರ್ಷದ ಗದ್ದಲಕ್ಕೆ ಕಿವಿ ಸವೆದಿದೆ ಎಂದರು ಡಾಕ್ಟರು. ಹತ್ತಿರ ಬಂದು ಜೋರಾಗಿ ಆಡಿದ ಮಾತು ಕೇಳೀತು, ಇಂಜಿನ್ನಿನ ಸೂಕ್ಷ್ಮ ಇನ್ನು ಕೇಳಿಸದು. ಮೇಸ್ತ್ರಿ ಮನೆಗೆ ಬಂದವನೇ ಸ್ಕ್ರೂಡ್ರೈವರನ್ನು ಮೂಲೆಗೆಸೆದ.

"ಶೆಡ್ ಮುಚ್ತೀನಿ ಕಣೇ. ಇನ್ನು ಕೈ ಹಾಕಿದ್ರೆ ಯಾರನ್ನಾದ್ರೂ ಮುಳುಗಿಸಿಬಿಡ್ತೀನಿ."

ಸದ್ದು ನಿಲ್ಲಲಿ ಎಂದು ಹರಕೆ ಹೊರುವುದೊಂದು ಬಾಕಿಯಿದ್ದ ಹೆಂಡತಿ ಈಗ ಹಿಗ್ಗಬೇಕಿತ್ತು. ಆದರೆ ಗಂಡನ ಮುಖ ನೋಡಿದವಳಿಗೆ ಅನ್ನಿಸಿತು: ಶೆಡ್ ಮುಚ್ಚಿದರೆ ಈ ಮನುಷ್ಯನೂ ಮುಚ್ಚಿಹೋಗುತ್ತಾನೆ. ಹತ್ತಿರ ಬಂದು ಗದರಿದಳು: "ಮುಚ್ಚೋದಾದ್ರೆ ಮುಚ್ಚಿ. ಮೊದಲು ನಾದಿನಿ ದೋಣಿ ಸರಿಮಾಡಿಕೊಡಿ. ನೀವು ಕೆಡಿಸಿದ್ದನ್ನ ಬೇರೆಯವರು ಬಂದು ನೋಡ್ಬೇಕಾ?"

ಬೆಳಿಗ್ಗೆ ಅವನ ಹಿಂದೆಯೇ ಬುತ್ತಿ ಹಿಡಿದು ಅವಳೂ ಹೊಳೆಗೆ ನಡೆದಳು.

ಡೀಸೆಲ್ ಇಂಜಿನ್ನಿಗೆ ಕಿಡಿ ಕೊಡುವವರು ಬೇಕಿಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಪಿಸ್ಟನ್ ಉಸಿರುಗಟ್ಟುವಷ್ಟು ಒತ್ತುತ್ತದೆ, ಒತ್ತಿದ ಗಾಳಿ ವಿಪರೀತ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಜಲ್ ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಂಡು ಪಿಸ್ಟನನ್ನು ಕೆಳಗೆ ದೂಡುತ್ತದೆ. ಉಜ್ಜಾಟ ತಪ್ಪಿಸಲು ಆಯಿಲ್, ಮೈ ಆರಿಸಲು ನೀರು, ಹೊಗೆ ಹೋಗಲು ಪೈಪು, ಇವೆಲ್ಲ ಆ ಬೆಂಕಿಯ ಚಾಕರಿಗೆ ನಿಂತವು.

ಮೇಸ್ತ್ರಿ ಆಯಿಲ್ ನೋಡಿದ, ನೀರು ನೋಡಿದ, ಗಾಳಿಯ ಫಿಲ್ಟರ್ ಬಿಚ್ಚಿ ನೋಡಿದ. ಎಲ್ಲ ಸರಿಯಿತ್ತು. ಇಂಜಿನ್ ಚಾಲೂ ಮಾಡಿಸಿ, ನಾಲ್ಕು ಸಿಲಿಂಡರುಗಳ ಹೊಗೆಪೈಪಿನ ಬುಡಕ್ಕೆ ಬೆರಳಿಂದ ನೀರು ಚಿಮುಕಿಸಿದ. ಮೂರು ಕಡೆ ಹನಿ ಬಿದ್ದದ್ದೇ ಆವಿಯಾಯಿತು. ಮೂರನೇ ಸಿಲಿಂಡರಿನ ಹತ್ತಿರ ಹನಿ ಹಾಗೇ ಕೂತಿತ್ತು. ಅಲ್ಲಿ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ. ಅದರ ಡೀಸೆಲ್ ಪೈಪಿನ ಮೇಲೆ ಬೆರಳಿಟ್ಟರೆ ನಾಡಿ ಮಿಡಿಯುತ್ತಿತ್ತು. ಪಂಪು ಕಳಿಸುತ್ತಿದೆ ಎಂದಮೇಲೆ ತಪ್ಪು ನಾಜಲ್‌ನದೇ.

ಬಿಚ್ಚಿ ಹೊರಗಿಟ್ಟು ಪರೀಕ್ಷಿಸಿದರೆ ಮಂಜು ಎಲ್ಲಿಯದು, ಹಳೇ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ನಾಚಿ ನೀರಾದ. ನಾಜಲ್ ಸಿಂಪಡಿಸುವುದನ್ನು ಅವನು ಎಂದೂ ಕಣ್ಣಿಂದ ನೋಡಿದವನಲ್ಲ. ಸದ್ದು ಕೇಳಿದರೆ ಸಾಕು ಎಂಬ ಜಂಬ ಅವನದು.

ಹೊಸ ನಾಜಲ್ ಕೂರಿಸಿದ. ಇಂಜಿನ್ ಓಡಿತು, ಹೊಗೆ ತಿಳಿಯಾಯಿತು. ಅಂಗೈಯಿಟ್ಟು ನೋಡಿದ. ಸರಿಯಿದೆಯೆನ್ನಿಸಿತು, ಆದರೆ ಹೋದ ಸಲವೂ ಹಾಗೇ ಅನ್ನಿಸಿರಲಿಲ್ಲವೇ? ಅಂಗೈ ತೆಗೆಯದೆ ನಿಂತ.

ಹೆಂಡತಿ ದೋಣಿ ಹತ್ತಿ ಬಂದು ತಲೆ ವಾಲಿಸಿ ನಿಂತಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು ಕೂಗಿದಳು: "ರೀ, ಇನ್ನೂ ಸರಿ ಇಲ್ಲ. ಮೂರು ಸರಿಯಾಗಿ ಬಡೀತವೆ, ಒಂದು ಮಧ್ಯೆ ಮಧ್ಯೆ ತಪ್ಪಿಸ್ಕೊಳ್ತಿದೆ. ಪೈಪಲ್ಲಿ ಗಾಳಿ ಉಳಿದಾಗ ಹೀಗೇ ಅಲ್ವಾ?"

"ನಿಂಗೆ ಹೇಗೆ ಗೊತ್ತು?"

"ಗೋಡೆ ಆಚೆ ನಾನೇನು ಕಿವಿಗೆ ಹತ್ತಿ ಇಟ್ಕೊಂಡು ಕೂತಿದ್ನಾ? ನೀವು ಯಾವ ರೋಗ ಅಂದ್ರಿ, ಬಿಚ್ಚೋಕೆ ಮುಂಚೆ ಹೇಗಿತ್ತು, ಕಟ್ಟಿದ ಮೇಲೆ ಹೇಗಿತ್ತು, ಎಲ್ಲಾ ಕೇಳಿದೀನಿ. ಇದನ್ನ ಕಟ್ಟಿದ ದಿನಾನೂ ಶೆಡ್ ಬಾಗಿಲಿಗೆ ಬಂದು ಕೂಗಿ ಹೇಳ್ದೆ, ಸದ್ದು ಸರಿಯಿಲ್ಲ ಅಂತ. ನೀವು ನಕ್ಕು ತಲೆ ಆಡ್ಸಿದ್ರಿ."

ಮೇಸ್ತ್ರಿ ಮೂರನೇ ಪೈಪಿನ ನಟ್ಟು ಸಡಿಲಿಸಿದ. ಡೀಸೆಲ್ ನೊರೆನೊರೆಯಾಗಿ ಬಂತು, ಆಮೇಲೆ ಗುಳ್ಳೆ ನಿಂತು ತಿಳಿಯಾಗಿ ಬಂತು. ನಟ್ಟು ಬಿಗಿದು ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಅವಳು ಕೇಳಿದಳು, ಕೇಳಿದಳು, ಆಮೇಲೆ ಸರಿಯಾಯಿತೆಂದು ಕೈಯೆತ್ತಿದಳು.

"ಅತ್ತಿಗೆ, ಇಷ್ಟು ದಿನ ನೀವೆಲ್ಲಿ ಅಡಗಿದ್ರಿ?" ಎಂದು ತಂಗಿ ನಕ್ಕಳು. ಮೇಸ್ತ್ರಿಯ ಕಣ್ಣು ಒದ್ದೆಯಾಗಿತ್ತು. ಹೊಗೆ ಎಂದು ಸುಳ್ಳು ಹೇಳಿದ. ಹೊಗೆಯೇ ಇರಲಿಲ್ಲ.

ಶೆಡ್ ಮುಚ್ಚಲಿಲ್ಲ. ಮೇಸ್ತ್ರಿ ಅಡುಗೆಮನೆಯ ಗೋಡೆ ಒಡೆದು ಒಂದು ಕಿಟಕಿ ಇಟ್ಟ. ಈಗ ನೀರು ಚಿಮುಕಿಸುವುದು, ನಾಡಿ ಹಿಡಿಯುವುದು ಅವನು, ಕೊನೆಯ ಮಾತು ಅವಳದು. ಮೊನ್ನೆ ಒಂದು ಪಂಪ್‌ಸೆಟ್ಟಿನ ಇಂಜಿನ್ ಓಡಿಸಿ, ಅವಳಿಗೆ ತಲೆನೋವಾದೀತೆಂದು ಬೇಗ ಆರಿಸಿದ. ಕಿಟಕಿಯಲ್ಲಿ ಸೌಟು ಹಿಡಿದ ಕೈ, ಅದರ ಹಿಂದೆಯೇ ಮುಖ ಕಾಣಿಸಿತು.

"ಯಾಕ್ರೀ ನಿಲ್ಸಿದ್ರಿ? ಓಡ್ಸಿ, ನಾನಿನ್ನೂ ಕೇಳ್ತಿದೀನಿ."