ಫೋಟೋದಲ್ಲಿ ಮಾವನ ಜಾಗ

ಮೊನ್ನೆ ಹೊಸ ಫೋನಿನಲ್ಲಿ ನಮ್ಮ ನಡುಮನೆಯ ಗೋಡೆಯ ಮೇಲಿರುವ ಹಳೆಯ ಮದುವೆ ಫೋಟೋವನ್ನು ತೆಗೆದುಕೊಂಡೆ. ತೆಗೆದದ್ದೇ ತಡ, ಚಿತ್ರವನ್ನು ಸರಿಪಡಿಸಲೇ ಎಂದು ಫೋನು ತಾನಾಗಿ ಕೇಳಿತು. ಕೇಳದೆ ಸಲಹೆ ಕೊಡುವವರು ನಮ್ಮ ಕಡೆ ಮೊದಲೇ ಹೇರಳ. ಈಗ ಫೋನೂ ಆ ಗುಂಪಿಗೆ ಸೇರಿದೆ. ಇದೇ ಸರಿಪಡಿಸುವ ವಿದ್ಯೆ ಕಲಿಯಲು ನಾನು ಕಾಲೇಜಿನ ದಿನಗಳಲ್ಲಿ ಗೌಡಗೆರೆಯಿಂದ ಶಿರಾಕ್ಕೆ ಬಸ್ಸಿನಲ್ಲಿ ಜೋತುಬಿದ್ದು ಓಡಾಡಿದ್ದೆ. ಒಂದು ಬೆರಳಿನಲ್ಲಿ ಆಗುವ ಕೆಲಸಕ್ಕೆ ಅಷ್ಟು ಒದ್ದಾಡಿದೆನಲ್ಲ ಎಂದು, ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಸ್ವಲ್ಪ ಹೊಟ್ಟೆ ಉರಿಯಿತು.

ಕಾಲೇಜು ಮುಗಿದ ಮೇಲೆ ಸಂಜೆ ತರಗತಿ. ಪಾಠ ಹೇಳುತ್ತಿದ್ದವರು ಅನ್ವರ್ ಸಾಹೇಬರು, ಮದುವೆಗಳ ಫೋಟೋ ತೆಗೆದು ತೆಗೆದು ಸಾಕಾಗಿ ಮೇಷ್ಟ್ರಾದವರು. ಒಂದು ಫೋಟೋದಿಂದ ಮನುಷ್ಯರನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದನ್ನು ಕಂಪ್ಯೂಟರಿನಲ್ಲಿ ಕಲಿಸಿದರು. ನಾನು ಮೊದಲು ಕತ್ತರಿಸಿದ್ದು ನನ್ನನ್ನೇ. ಮಧುಗಿರಿ ಬೆಟ್ಟವನ್ನು ಅರ್ಧ ಹತ್ತಿ ಏದುಸಿರು ಬಿಡುತ್ತ ಇಳಿದು ಬಂದವಳು, ಫೋಟೋದಲ್ಲಿ ಮಾತ್ರ ತುದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತೆ. ಕತ್ತರಿಸುವಾಗ ಎಡಗಿವಿ ಹೋಯಿತು. ಅದನ್ನು ಕೂದಲಿನಿಂದ ಮುಚ್ಚಿದೆ. ಸಾಹೇಬರು ಬಹಳ ಹೊತ್ತು ನೋಡಿ, "ಬೆಟ್ಟದ ನೆಳ್ಳು ಆ ಕಡೆ ಬಿದ್ದೈತೆ, ನಿಂದು ಈ ಕಡೆ. ನಿಂಗೊಬ್ಬಳಿಗೇ ಬೇರೆ ಸೂರ್ಯ ಬಂದಿದ್ನಾ ಬೇಟಾ?" ಎಂದರು. ಅಂದಿನಿಂದ ನಾನು ಯಾರನ್ನು ಕಂಡರೂ ಮೊದಲು ಮೂಗಿನ ನೆರಳು ಯಾವ ಕಡೆಗಿದೆ ಎಂದು ನೋಡುತ್ತೇನೆ. ಎದುರಿಗೆ ಕೂತವರು ಏನೋ ಅಂಟಿದೆಯೆಂದು ಮೂಗು ಒರೆಸಿಕೊಳ್ಳುತ್ತಾರೆ.

ನನ್ನ ವಿದ್ಯೆಯ ಸುದ್ದಿ ಅಮ್ಮನ ಕಿವಿಗೂ ಬಿತ್ತು. ಇಲ್ಲದವರನ್ನು ಫೋಟೋದಲ್ಲಿ ಸೇರಿಸಬಹುದಂತೆ, ಹೌದಾ ಎಂದು ಕೇಳಿದಳು. ಯಾಕೆ ಕೇಳಿದಳೆಂದು ತಿಳಿಯಬೇಕಾದರೆ ಅದಕ್ಕೆ ಕೆಲವು ತಿಂಗಳ ಹಿಂದೆ ನಡೆದಿದ್ದ ನನ್ನ ಅಕ್ಕ ರೂಪಳ ಮದುವೆಯ ವಿಷಯ ನಿಮಗೆ ಹೇಳಬೇಕು. ಪಾವಗಡದ ಕಡೆ ರಾಯಚರ್ಲುವಿನಲ್ಲಿ ನಮ್ಮ ಸೋದರಮಾವ ಇದ್ದಾರೆ, ಅಮ್ಮನ ಒಬ್ಬನೇ ಅಣ್ಣ. ರೂಪಕ್ಕ ಹುಟ್ಟಿದಾಗಿನಿಂದ ಅವಳು ತಮ್ಮ ಮನೆಯ ಸೊಸೆಯೆಂದೇ ಅವರು ತಿಳಿದಿದ್ದರು. ನಮ್ಮಲ್ಲಿ ತಂಗಿಯ ಮಗಳ ಮೇಲೆ ಆ ಹಕ್ಕು ಕೇಳದೆಯೇ ಇರುತ್ತದೆ. ರೂಪಕ್ಕ ಒಲ್ಲೆ ಎಂದಳು; ಮಾವನ ಮಗನಿಗೂ ಒಳಗೊಳಗೇ ಖುಷಿಯಾಯಿತು. ಮಾವ ಮಾತ್ರ ಮುನಿಸಿಕೊಂಡು ಮದುವೆಗೇ ಬರಲಿಲ್ಲ. ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದ ಸೋದರಮಾವನಿಲ್ಲದೆ ದೂರದ ನೆಂಟರೊಬ್ಬರು ಆ ಶಾಸ್ತ್ರ ಮುಗಿಸಿದರು. ಆಮೇಲೆ ಛತ್ರದ ಮುಂದೆ ಎಲ್ಲರೂ ಫೋಟೋಗೆ ನಿಂತಾಗ ಅಮ್ಮ ರೂಪಕ್ಕನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು. ಹತ್ತಿರ ಬನ್ನಿ ಎಂದು ಫೋಟೋದವನು ಎಷ್ಟು ಗೋಗರೆದರೂ ಕದಲಲಿಲ್ಲ.

ಆ ಜಾಗದಲ್ಲಿ ಅಣ್ಣನನ್ನು ನಿಲ್ಲಿಸಿಕೊಡು ಎಂಬುದು ಅಮ್ಮನ ಬೇಡಿಕೆ. ಹೋಗಿ ಕರೆಯಲು ಅಭಿಮಾನ, ಬಿಟ್ಟಿರಲು ಸಂಕಟ. ತವರು ಎಂದು ಅವಳಿಗೆ ಉಳಿದಿದ್ದದ್ದು ಆ ಒಬ್ಬ ಮನುಷ್ಯ. ಅವನೂ ಕೈತಪ್ಪಿ ಹೋಗುತ್ತಾನೆ ಎಂಬ ಭಯ ಅವಳಿಗಿತ್ತು, ಅದು ನನಗೂ ಕಾಣುತ್ತಿತ್ತು.

ಮನೆಯಲ್ಲಿದ್ದ ಮಾವನ ಫೋಟೋಗಳನ್ನೆಲ್ಲ ಹುಡುಕಿದೆ. ಒಂದರಲ್ಲೂ ಬೆಳಕು ಹೊಂದಲಿಲ್ಲ. ಮದುವೆ ಫೋಟೋದಲ್ಲಿ ಬೆಳಗಿನ ಬಿಸಿಲು ಎಡಗಡೆಯಿಂದ ಬಿದ್ದಿತ್ತು. ಮಾವನೂ ಅದೇ ಬಿಸಿಲಿನಲ್ಲಿ ನಿಲ್ಲಬೇಕು. ಸಾಹೇಬರ ಕ್ಯಾಮೆರಾ ಎರವಲು ತಂದು ಬೆಳಗಿನ ಮೊದಲ ಬಸ್ಸಿಗೇ ರಾಯಚರ್ಲುವಿಗೆ ಹೊರಟೆ. ಊರ ಸುತ್ತ ಸೋಲಾರ್ ಪ್ಲೇಟುಗಳು ಆಗಲೇ ಬಿಸಿಲಿಗೆ ಮೈಯೊಡ್ಡಿದ್ದವು. ಮಾವ "ರಾಮ್ಮಾ, ಕೂಚೋ" ಎಂದು ತೆಲುಗಿನಲ್ಲಿ ಕರೆದು ಕೂರಿಸಿ ಕನ್ನಡದಲ್ಲಿ ಉಪಚಾರ ಮಾಡಿದರು. ಎಲ್ಲರನ್ನೂ ವಿಚಾರಿಸಿದರು, ಅಮ್ಮನೊಬ್ಬಳನ್ನು ಬಿಟ್ಟು. ಕಾಲೇಜಿನಲ್ಲಿ ಫೋಟೋ ತೆಗೆದುಕೊಂಡು ಬಾ ಎಂದಿದ್ದಾರೆ ಎಂದು ಸುಳ್ಳು ಹೇಳಿದೆ. ಅವರು ನೇರ ಒಳಗೆ ಹೋಗಿ, ಬಿಳಿ ಪಂಚೆಯುಟ್ಟು ಜರಿ ಶಲ್ಯ ಹೊದ್ದು ಬಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಂಗಳದಲ್ಲಿ ಬಿಸಿಲು ನೋಡಿ ನಿಲ್ಲಿಸಿದೆ. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಮಾವ ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಹಿಡಿದರು. ಕೈ ಯಾಕೆ ಮಾವ ಎಂದೆ.

"ರೂಪನ್ ತಲೆ ಇಲ್ಲಿಗೆ ಬತ್ತದಲ್ವಾ?" ಎಂದರು. ಒಂದು ಗಳಿಗೆ ಯೋಚಿಸಿ ಕೈಯನ್ನು ಇನ್ನಷ್ಟು ಮೇಲೆತ್ತಿದರು. "ಬಾಸಿಂಗ ಕಟ್ಟಿರ್ತಾರೆ. ತಾಗ್ಬಾರ್ದು."

ಮದುವೆಯ ಫೋಟೋ ಅವರ ಮಗನ ಫೋನಿಗೆ ಬಂದಿತ್ತಂತೆ. ತಂಗಿ ಬಿಟ್ಟ ಜಾಗವನ್ನು ಅವರೂ ನೋಡಿದ್ದರು. ನನಗೆ ಅಳು ಬಂತು. ಕ್ಯಾಮೆರಾ ಮುಖಕ್ಕೆ ಅಡ್ಡ ಇದ್ದುದರಿಂದ ಬಚಾವಾದೆ.

ಮನೆಗೆ ಬಂದು ಅಮ್ಮನಿಗೆ ಫೋಟೋ ತೋರಿಸಿದೆ. ಕೈಯ ವಿಷಯವನ್ನೂ ಬಾಸಿಂಗದ ವಿಷಯವನ್ನೂ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಕತ್ತರಿಸ್ಬ್ಯಾಡ ಬುಡು," ಎಂದಳು. "ಆ ಕೈನ ಕಂಪ್ಯೂಟ್ರಲ್ಲಿ ಇಟ್ರೆ ಏನ್ ಬಂತು? ರೂಪನ್ ತಲೆ ಮ್ಯಾಲೇ ಇಡ್ಲಿ. ಅವ್ಳನ್ನ ಕರ್ಸು, ಹೋಗಾನ."

ಆ ಭಾನುವಾರವೇ ರೂಪಕ್ಕ, ಭಾವ, ಅಮ್ಮ, ನಾನು ಹೋದೆವು. ಜಗಳದ ಮಾತನ್ನು ಯಾರೂ ಎತ್ತಲಿಲ್ಲ. ರೂಪಕ್ಕ ಕಾಲಿಗೆ ಬಿದ್ದಾಗ ಮಾವ ತಲೆಯ ಮೇಲೆ ಕೈಯಿಟ್ಟರು, ತೆಗೆಯುವುದನ್ನೇ ಮರೆತರು. ಊಟಕ್ಕೆ ಕೂತಾಗ ನನ್ನ ಕಡೆ ತಿರುಗಿ, ಈಗಲಾದರೂ ತಮ್ಮನ್ನು ಆ ಫೋಟೋಗೆ ಸೇರಿಸಿಬಿಡು ಎಂದು ಮೆಲ್ಲಗೆ ಕೇಳಿದರು. ನಾನು ಹೂಂ ಎನ್ನುವ ಮೊದಲೇ ಅಮ್ಮ ಅಡ್ಡ ಬಂದಳು. "ಬ್ಯಾಡ. ಬರ್ದೇ ಇದ್ದೋನು ಬಂದಂಗೆ ಯಾಕ್ ಕಾಣ್ಬೇಕಣ್ಣ? ಜಾಗ ಅಂಗೇ ಇರ್ಲಿ." ಹಾಗೆಂದವಳು ತಾನೇ ಅಡಿಗೆಮನೆಗೆ ಹೋಗಿ ಅವರ ತಟ್ಟೆಗೆ ಇನ್ನೊಂದು ಮುದ್ದೆ ತಂದಿಟ್ಟಳು. ತರಗತಿಯ ಕೊನೆಯ ಕೆಲಸವೆಂದು ಸಾಹೇಬರಿಗೆ ಒಪ್ಪಿಸಲು ನನ್ನ ಬಳಿ ಏನೂ ಉಳಿಯಲಿಲ್ಲ. ಬೆಟ್ಟದ ಫೋಟೋಗೇ ನೆರಳು ತಿದ್ದಿ ಕೊಟ್ಟೆ.

ರೂಪಕ್ಕನ ಆ ಮದುವೆ ಫೋಟೋವನ್ನೇ ಮೊನ್ನೆ ಫೋನು ಸರಿಪಡಿಸಲು ಹೊರಟಿದ್ದು. ಬೇಡ ಎಂದು ಒತ್ತಿದೆ. ಮಾವ ಬಂದು ಎರಡು ದಿನವಾಗಿತ್ತು, ಗೋಡೆಗೊರಗಿ ಕೂತಿದ್ದರು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಹೊಸ ಸೊಸೆ ಫೋಟೋ ನೋಡಿ, ಮಧ್ಯದಲ್ಲಿ ಯಾಕೆ ಇಷ್ಟು ಜಾಗ ಖಾಲಿ ಎಂದು ಕೇಳಿದಳು. ನಾನು ಅಮ್ಮನ ಮುಖ ನೋಡಿದೆ. ಮಾವನೇ ಬಾಯಿಬಿಟ್ಟರು.

"ಅದು ನನ್ ಜಾಗ ಕಣಮ್ಮ. ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡೀತಾರಲ್ಲ, ಅಂಗೆ ನನ್ ತಂಗಿ ಹಿಡ್ಕೊಂಡ್ ನಿಂತವ್ಳೆ. ನಾನೇ ಬಸ್ ತಪ್ಪಿಸ್ಕಂಡೆ."