ರಾಣಿಯ ಗಂಡನಿಗೆ ಏನೆನ್ನಬೇಕು

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನನ್ನ ಹೆಂಡತಿ ಪಿಎಚ್‌ಡಿ ಮಾಡುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಬೆಳಗಾದರೆ ಯುರೋಪಿನ ರಾಣಿಯರ ಗಂಡಂದಿರದೇ ಮಾತು. ಅವಳ ವಿಷಯವೇ ಅದು. ಸ್ವಂತ ಹಕ್ಕಿನಿಂದ ಸಿಂಹಾಸನ ಏರಿದ ಹೆಣ್ಣಿನ ಗಂಡನನ್ನು ಏನೆಂದು ಕರೆಯಬೇಕು, ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆಗೆ ಅಲ್ಲಿನ ಆಸ್ಥಾನಗಳು ತಲೆ ಕೆಡಿಸಿಕೊಂಡಿದ್ದವಂತೆ. ರಾಜನ ಹೆಂಡತಿ ರಾಣಿ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ರಾಣಿಯ ಗಂಡ ಮಾತ್ರ ಬಿರುದಿಗಾಗಿ ಬಾಗಿಲು ಕಾಯಬೇಕು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವನು. ಕೆಲಸ ಬಿಟ್ಟು ಡಿಪೆಂಡೆಂಟ್ ವೀಸಾದ ಮೇಲೆ ಅವಳ ಹಿಂದೆ ಬಂದಿದ್ದೆ. ಬೆಳಿಗ್ಗೆ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸುವುದು, ಮಧ್ಯಾಹ್ನ ಅಡುಗೆ, ಆಮೇಲೆ ಅವಳು ಬರೆದದ್ದನ್ನು ಓದಿ ತಿದ್ದುವುದು. ಆ ಕೊನೆಯ ಕೆಲಸದ ಆಸೆಗೆ ಉಳಿದೆರಡನ್ನೂ ಗೊಣಗದೆ ಮಾಡುತ್ತಿದ್ದೆ. ಗೊಣಗುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು, ಕಡಿಮೆ ಗೊಣಗುತ್ತಿದ್ದೆ.

ಪೋರ್ಚುಗಲ್‌ನ ಪದ್ಧತಿ ಅವಳ ಟಿಪ್ಪಣಿಯ ಮೂಲೆಯಲ್ಲೆಲ್ಲೋ ಬಿದ್ದಿತ್ತು. ಅಲ್ಲಿ ರಾಣಿಗೆ ಮಗು ಹುಟ್ಟಿದ ಮೇಲೆಯೇ ಗಂಡನಿಗೆ ರಾಜನೆಂಬ ಬಿರುದು. ಇದನ್ನೇ ಹಿಡಿದು ಒಂದು ಅಧ್ಯಾಯ ಬರೆ ಎಂದವನು ನಾನು. ಅವತ್ತು ಬೇಳೆ ತೊಳೆಯುತ್ತಾ ನಿಂತಿದ್ದೆ. ಹಿಂದಿನ ಚಳಿಗಾಲದಲ್ಲಿ ನಮ್ಮ ಮಗು ನಾಲ್ಕನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಊರಿಗೆ ಹೇಳಿರಲಿಲ್ಲ, ನಾವಿಬ್ಬರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಅದೇನಾಯಿತೋ, ಅವತ್ತು ಬಾಯಿಗೆ ಬಂದುಬಿಟ್ಟಿತು.

"ನಮ್ಮ ಮಗು ಉಳಿದಿದ್ರೆ ಈ ಮನೇಲಿ ನನಗೂ ಒಂದು ಬಿರುದು ಇರ್ತಿತ್ತು. ಅಪ್ಪ ಅಂತ."

ಅವಳು ಬಂದು ನನ್ನ ಬೆನ್ನಿಗೆ ಹಣೆ ಒತ್ತಿ ನಿಂತಳು. ಇಬ್ಬರೂ ಬಹಳ ಹೊತ್ತು ಅತ್ತೆವು. ಮದುವೆಯಾಗಿ ಆರು ವರ್ಷವಾಗಿದ್ದರೂ ಅವತ್ತಿನಷ್ಟು ಅವಳು ನನ್ನವಳು ಎಂದು ಎಂದೂ ಅನ್ನಿಸಿರಲಿಲ್ಲ.

ಎರಡು ತಿಂಗಳ ನಂತರ ಲೀಡ್ಸ್‌ನಲ್ಲಿ ಒಂದು ವಿಚಾರ ಸಂಕಿರಣ. ಅವಳು ಆ ಅಧ್ಯಾಯವನ್ನು ಓದುವವಳಿದ್ದಳು. ನಾನು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. ತನ್ನ ಪರಿಚಯದ ಒಬ್ಬ ಡಿಪೆಂಡೆಂಟ್ ಗಂಡ ಇದ್ದಾನಂತೆ. ಮಗುವೊಂದಿದ್ದಿದ್ದರೆ ಮನೆಯಲ್ಲಿ ತನಗೂ ಒಂದು ಬಿರುದು ಸಿಗುತ್ತಿತ್ತು ಎಂದು ಹೆಂಡತಿಯ ಹತ್ತಿರ ಗೋಳಾಡುತ್ತಾನಂತೆ. ಅಪ್ಪ ಎಂಬ ಮಾತನ್ನು ಅವಳು ಕತ್ತರಿಸಿ ತೆಗೆದಿದ್ದಳು. ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಪೋರ್ಚುಗಲ್ ಬಂತು, ಚಪ್ಪಾಳೆ ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಳ್ಳೆಯ ಆರಂಭ ಎಂದು ನನ್ನತ್ತ ತಿರುಗಿ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ವಾಪಸಾಗುವ ರೈಲಿನಲ್ಲಿ ಕೇಳಿಯೇಬಿಟ್ಟೆ. ಯಾರೆಂದು ಹೇಳಿಲ್ಲವಲ್ಲ, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಮೊದಲ ಮಾತಿಗೆ ನಗಿಸಿದರೆ ಜನ ಕಿವಿ ಕೊಡುತ್ತಾರೆ ಎಂದೆಲ್ಲ ಹೇಳಿದಳು. ಅದು ಅಡುಗೆಮನೆಯಲ್ಲಿ ನಿನ್ನೊಬ್ಬಳಿಗೆ ಹೇಳಿದ ಮಾತು ಎಂದೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಬಾರ್ನ್ಸ್‌ಲಿ ಸ್ಟೇಷನ್ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

"ಅದು ನನ್ನ ಮಗೂನೂ ಹೌದಲ್ವಾ?"

ಹೌದು. ಸಭೆ ನಕ್ಕದ್ದನ್ನು ಎಂದೋ ಮರೆತಿದ್ದೇನೆ. ಆದರೆ ಅವತ್ತು ವೇದಿಕೆಯ ಮೇಲೆ ಅವರ ಜೊತೆ ಅವಳೂ ನಕ್ಕಿದ್ದಳು.