ಲಾಂಚಿಗೆ ಒಗ್ಗಿದ ಕುದುರೆ

ತುಮರಿ ಕಡೆಯ ಮಾಸ್ತಪ್ಪ ಆ ದಿನ ಬೆಳಿಗ್ಗೆ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದ. ಹೊಳೆಯಾಚೆ ಅಶ್ವಿನ್ ಅನ್ನುವ ಹುಡುಗನ ಮದುವೆ. ಹನ್ನೊಂದು ಗಂಟೆಯ ದಿಬ್ಬಣಕ್ಕೆ ಮಾಸ್ತಪ್ಪನ ಹೆಣ್ಣುಕುದುರೆ ಕೆಂಪಿಯೇ ಬೇಕೆಂದು ಹೇಳಿ ಕಳಿಸಿದ್ದರು. ಲಾಂಚು ಅನ್ನುವ ದೊಡ್ಡ ದೋಣಿಯಲ್ಲೇ ಹೊಳೆ ದಾಟಿ ರೂಢಿಯಾದ ಕೆಂಪಿ ಹೊಸ ಸೇತುವೆ ದಾಟುತ್ತದೋ ಇಲ್ಲವೋ ಅನ್ನುವುದೇ ಅವನ ಭಯ.

ಹಿಂದಿನ ತಿಂಗಳು ದಾಟಿರಲಿಲ್ಲ. ಸೇತುವೆಯ ಎರಡು ತುಂಡು ಕೂಡುವಲ್ಲಿ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಇದೆಯಲ್ಲ, ಅಲ್ಲಿ ಗಕ್ಕನೆ ನಿಂತಿತು. ಮಾಸ್ತಪ್ಪ ಹಿಮ್ಮಡಿಯಿಂದ ಒದ್ದ, ಕೋಲಿನಿಂದ ಹೊಡೆದ, ಲಗಾಮು ಜಗ್ಗಿದ. ಕುದುರೆ ಮುಂಗಾಲೆತ್ತಿ ಅವನನ್ನು ಕೆಡವಿತು. ಎದ್ದು ನೋಡಿದರೆ ಅದರ ಬಾಯಲ್ಲಿ ರಕ್ತ. ಜೀಪಿನಲ್ಲಿದ್ದವನೊಬ್ಬ, "ಎಂತ ಮಾಸ್ತಣ್ಣ, ಇನ್ಮೇಲೆ ಕುದ್ರೆನೇ ನಿನ್ ಬೆನ್ನ ಮೇಲೆ ಕೂರ್ಸ್ಕಂಡು ಬರ್ತೀಯಾ?" ಎಂದು ನಕ್ಕು ಹೋದ.

ಕೆಂಪಿ ಮೊದಲು ಜೋಗದ ಪುಟ್ಟಪ್ಪನದು. ಪ್ರವಾಸಿಗರನ್ನು ಕೂರಿಸಿ ಸುತ್ತು ಹೊಡೆಸುತ್ತಿದ್ದ. ಹಟಮಾರಿ ಎಂದು ಮಾಸ್ತಪ್ಪನಿಗೆ ಕೊಟ್ಟಿದ್ದ. ಪುಟ್ಟಪ್ಪನ ಕಡಿವಾಣದ ಗಾಯದ ಗುರುತು ಅದರ ಕಟಬಾಯಲ್ಲಿ ಒಂಬತ್ತು ವರ್ಷವಾದರೂ ಮಾಸಿಲ್ಲ. ಈಗ ಅವನೇ ವಾಪಸ್ ಕೇಳುತ್ತಿದ್ದ. ಇವತ್ತೂ ದಾಟದಿದ್ದರೆ ಕೊಟ್ಟುಬಿಡುವುದೆಂದು ಮಾಸ್ತಪ್ಪ ಮಾತು ಕೊಟ್ಟಾಗಿತ್ತು.

ಜೀನು ಬಿಗಿಯುವಾಗ ಹೆಂಡತಿ ಬಂಗಾರಮ್ಮ ಬಾಗಿಲಿಗೆ ಬಂದಳು.

"ಲಾಂಚಲ್ಲಿ ಇಷ್ಟು ವರ್ಷ ಹೋಯ್ತಲ್ಲ, ಒಂದಿನಾನೂ ಹೆದರ್ಲಿಲ್ಲ."

"ಅದೇ ನಂಗೂ ಅರ್ಥ ಆಗ್ತಿಲ್ಲ ಮಾರಾಯ್ತಿ."

"ಲಾಂಚಲ್ಲಿ ನೀವು ಅದ್ರ ಮೇಲೆ ಕೂತಿದ್ರಾ?"

ಮಾಸ್ತಪ್ಪನ ಕೈ ನಿಂತಿತು. ಲಾಂಚಿನಲ್ಲಿ ಕುದುರೆಯ ಮೇಲೆ ಕೂರಲು ಬಿಡುತ್ತಿರಲಿಲ್ಲ. ಇಳಿದು, ಅದರ ಕುತ್ತಿಗೆಗೆ ಅಂಗೈ ಇಟ್ಟು, ಆಚೆ ದಡದವರೆಗೂ ಮುಖದ ಹತ್ತಿರವೇ ನಿಂತಿರುತ್ತಿದ್ದ. ಸೇತುವೆಯಾದ ಮೇಲೆ ಇನ್ನು ಇಳಿಯುವ ಕೆಲಸವೇ ಇಲ್ಲವೆಂದು ಹಿಗ್ಗಿದ್ದ. ನೀರಿನ ಮೇಲೆ ಕೆಂಪಿಗೆ ಅವನ ಮುಖ ಕಾಣದೆ ಹೋದದ್ದು ಹಿಂದಿನ ತಿಂಗಳು ಆ ಸೇತುವೆಯಲ್ಲೇ ಮೊದಲು.

ಸೇತುವೆಯ ಮೇಲೆ ಮೊದಲ ಪಟ್ಟಿ ಬರುವ ಮುಂಚೆಯೇ ಮಾಸ್ತಪ್ಪ ಇಳಿದ. ಲಗಾಮು ಸಡಿಲ ಬಿಟ್ಟು ಕುತ್ತಿಗೆಗೆ ಅಂಗೈ ಇಟ್ಟು ನಿಂತ. ಕೆಂಪಿ ಕಬ್ಬಿಣ ಮೂಸಿತು, ಹಿಂದೆ ಸರಿಯಿತು. ಬಸ್ಸೊಂದು ಹಾರ್ನ್ ಹೊಡೆದು ಹೋದಾಗ ಕಾಲಡಿಯ ಸೇತುವೆ ನಡುಗಿತು. ಜೇಬಿನಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಮದುವೆ ಮನೆಯವರೇ ಇರಬೇಕು. ತೆಗೆಯಲಿಲ್ಲ. ಜಗ್ಗಬೇಕೆಂದು ಕೈ ತುರಿಸುತ್ತಿತ್ತು. ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಬಹಳ ಹೊತ್ತಿನ ಮೇಲೆ ಕೆಂಪಿ ಒಂದು ಗೊರಸು ಪಟ್ಟಿಯ ಆಚೆ ಇಟ್ಟಿತು. ಆಮೇಲೆ ಇನ್ನೊಂದು.

ಪ್ರತಿ ಪಟ್ಟಿಗೂ ಹಾಗೇ ನಿಂತು, ಮೂಸಿಸಿ, ದಾಟಿಸಿದ. ಕೊನೆಯದರ ಮುಂದೆ ಮಾತ್ರ ಹತ್ತಿ ಕೂತ. ಮೇಲೆ ಆಳು ಇದ್ದಾಗ ಎಗರಿದರೆ ಮದುಮಗನನ್ನು ಹೇಗೆ ಕೂರಿಸುವುದು? ಹಿಮ್ಮಡಿ ತಾಗಿಸಲಿಲ್ಲ. ಬಗ್ಗಿ ಕುತ್ತಿಗೆಗೆ ಅಂಗೈ ಇಟ್ಟು, "ನಾ ಇಲ್ಲೇ ಇದೀನಿ, ನೋಡ್ಕಂಡು ಹೋಗು" ಅಂದ. ಕೆಂಪಿಯ ಕಿವಿ ಹಿಂದಕ್ಕೆ, ಅವನ ದನಿಯ ಕಡೆಗೆ ತಿರುಗಿತು. ತಲೆ ತಗ್ಗಿಸಿತು, ದಾಟಿತು.

ಮದುವೆ ಮನೆ ತಲುಪಿದಾಗ ಹನ್ನೊಂದೂವರೆ. ಬೈಗುಳ ಕಾದಿತ್ತು. ಅಶ್ವಿನ್ ಹತ್ತಿದವನೇ ಹೆದರಿ ಲಗಾಮನ್ನು ಬಿಗಿಯಾಗಿ ಹಿಡಿದ. ಮಾಸ್ತಪ್ಪ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಬಾಯಿ ಜಗ್ಬೇಡ ತಮ್ಮಾ. ನಿಂಗೆ ಹೆದ್ರಿಕೆ ಆದ್ರೆ ಜೀನು ಹಿಡ್ಕ."

ವಾಲಗ ಶುರುವಾಯಿತು. ಮಾಸ್ತಪ್ಪ ಕೆಂಪಿಯ ಮುಖದ ಹತ್ತಿರ ಹೋಗಿ ನಿಂತ.